ಕರಮಜೋವ್ ಓದು: ಒಂಬತ್ತನೆಯ ಪುಸ್ತಕದವರೆಗೆ

ನಮ್ಮ ಓದು ಒಂಬತ್ತನೆಯ ಪುಸ್ತಕವನ್ನು ದಾಟಿದೆ. ರಷ್ಯನ್ ಲೇಖಕ ದಸ್ತಯೇವ್‌ಸ್ಕಿಯ ‘ಕರಮಜೋವ್ ಸಹೋದರರು’ ಹನ್ನೆರಡು ಪುಸ್ತಕಗಳಾಗಿ ವಿಂಗಡಣೆಗೊಂಡ ಕಾದಂಬರಿ. ಕೊನೆಯಲ್ಲಿ ಒಂದು ಚಿಕ್ಕ ಉಪಸಂಹಾರವಿದೆ. ತಂದೆಯ ಕೊಲೆ ನಡೆದುಹೋಗಿದೆ, ಹಿರಿಯ ಮಗ ದ್ಮಿತ್ರಿಯನ್ನು ಬಂಧಿಸಿ ಕರೆದೊಯ್ದಿದ್ದಾರೆ, ನ್ಯಾಯಾಲಯದ ವಿಚಾರಣೆ ಇನ್ನೂ ಬಾಕಿಯಿದೆ. ಹಿಂದಿನ ಟಿಪ್ಪಣಿ ಬರೆದಾಗ ನಾವು ಎರಡನೆಯ ಪುಸ್ತಕದ ಮಠದ ಆವರಣದಲ್ಲೇ ಇದ್ದೆವು. ಅಲ್ಲಿಂದ ಇಲ್ಲಿಯವರೆಗೆ ಓದು ಹೇಗೆ ಸಾಗಿತು, ಮಾತು ಎಲ್ಲಿ ಕಾವೇರಿತು ಎಂಬುದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಈ ಟಿಪ್ಪಣಿಗಳನ್ನು ಮೊದಲ ಬಾರಿಗೆ ಓದುತ್ತಿರುವವರಿಗಾಗಿ ಸ್ವಲ್ಪ ಹಿನ್ನೆಲೆ. ನಾವು ನಾಲ್ವರು: ಬ್ಯಾಂಕಿನಿಂದ ನಿವೃತ್ತರಾದ ನನ್ನ ಮಾವನವರು, ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ಅತ್ತಿಗೆ, ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಗೆಳೆಯ ಮತ್ತು ನಾನು. ನಾಲ್ವರ ಮತವೂ ಒಂದೇ ಪಕ್ಷಕ್ಕೆ ಬೀಳುವುದಿಲ್ಲ. ದೇವರ ವಿಷಯದಲ್ಲೂ ಹಾಗೆಯೇ. ಮಾವನವರಿಗೆ ಸಂಧ್ಯಾವಂದನೆ ತಪ್ಪುವಂತಿಲ್ಲ. ಗೆಳೆಯ ದೇವಸ್ಥಾನದ ಮೆಟ್ಟಿಲು ಹತ್ತುವವನಲ್ಲ. ಅತ್ತಿಗೆ ರಾತ್ರಿ ಪಾಳಿಗೆ ಹೊರಡುವಾಗ ರಾಯರ ಫೋಟೋಗೆ ಕೈ ಮುಗಿದು ಹೋಗುತ್ತಾರೆ. ಬೆಳಿಗ್ಗೆ ಹಿಂತಿರುಗಿದಾಗ ಕೆಲವು ದಿನ ಅತ್ತ ನೋಡುವುದೂ ಇಲ್ಲ. ಕಳೆದ ಚುನಾವಣೆಯ ಕಾಲದಲ್ಲಿ ಊಟಕ್ಕೆ ಕುಳಿತಾಗ ರಾಜಕೀಯ ಎತ್ತಬಾರದೆಂಬ ಕಟ್ಟಳೆ ನಮ್ಮ ಮನೆಯಲ್ಲಿ ಜಾರಿಗೆ ಬಂದಿತ್ತು. ಬಾಯಲ್ಲಿ ತಡೆದ ಮಾತು ವಾಟ್ಸ್ಆ್ಯಪ್ ಫಾರ್ವರ್ಡ್‌ಗಳಾಗಿ ಹೊರಬೀಳತೊಡಗಿದಾಗ, ಇದಕ್ಕಿಂತ ಎದುರುಬದುರು ಕುಳಿತು ಜಗಳವಾಡುವುದೇ ಮೇಲು ಎಂದು ಎಲ್ಲರಿಗೂ ಅನ್ನಿಸಿತು. ಆದರೆ ಬರಿಗೈಯಲ್ಲಿ ಕುಳಿತರೆ ಜಗಳ ಮಾತ್ರ ಆಗುತ್ತದೆ. ನಡುವೆ ಒಂದು ದೊಡ್ಡ ಕಾದಂಬರಿ ಇರಲಿ ಎಂದದ್ದು ಗೆಳೆಯ.

ಈ ಕಾದಂಬರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದನ್ನು ಬರೆದವನ ರಾಜಕೀಯ. 1849ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ದಸ್ತಯೇವ್‌ಸ್ಕಿ ಪೆತ್ರಶೆವ್‌ಸ್ಕಿಯ ಮನೆಯ ಕೂಟದಲ್ಲಿ ಪಾಲ್ಗೊಂಡು ನಿಷೇಧಿತ ಪತ್ರವೊಂದನ್ನು ಗಟ್ಟಿಯಾಗಿ ಓದಿದ್ದಕ್ಕಾಗಿ ಸೆರೆಯಾದ. ವಿಮರ್ಶಕ ಬೆಲಿನ್‌ಸ್ಕಿ ಲೇಖಕ ಗೊಗೊಲ್‌ಗೆ ಬರೆದ ಪತ್ರವದು; ಜೀತಪದ್ಧತಿಯನ್ನೂ ಚರ್ಚನ್ನೂ ಖಂಡಿಸುವಂಥದ್ದು. ನಾಲ್ಕು ಜನ ಕೂಡಿ ಓದಿ ಮಾತಾಡುವುದೇ ಅಪರಾಧವಾಗಿದ್ದ ಕಾಲ. ಆ ವರ್ಷದ ಡಿಸೆಂಬರ್ 22ರಂದು ಸೇಂಟ್ ಪೀಟರ್ಸ್‌ಬರ್ಗಿನ ಸೆಮ್ಯೊನೊವ್‌ಸ್ಕಿ ಮೈದಾನದಲ್ಲಿ ಅವನನ್ನೂ ಸಂಗಾತಿಗಳನ್ನೂ ಗುಂಡಿಕ್ಕಿ ಕೊಲ್ಲಲು ನಿಲ್ಲಿಸಿ, ಕೊನೆಯ ಗಳಿಗೆಯಲ್ಲಿ ತ್ಸಾರನ ಕ್ಷಮೆಯನ್ನು ಓದಿ ಹೇಳಲಾಯಿತು. ಅಲ್ಲಿಂದ ಓಮ್ಸ್ಕ್‌ನ ಸೆರೆಶಿಬಿರದಲ್ಲಿ ನಾಲ್ಕು ವರ್ಷ ಕಠಿಣ ದುಡಿಮೆ. ಮೂವತ್ತು ವರ್ಷಗಳ ತರುವಾಯ, 1879–80ರಲ್ಲಿ, ಕತ್ಕೋವ್‌ನ ಸಂಪ್ರದಾಯವಾದಿ ಪತ್ರಿಕೆ ‘ರೂಸ್ಕಿ ವೆಸ್ತ್‌ನಿಕ್’ನಲ್ಲಿ ಈ ಕಾದಂಬರಿಯನ್ನು ಧಾರಾವಾಹಿಯಾಗಿ ಬರೆಯುವ ಹೊತ್ತಿಗೆ ಅವನು ತ್ಸಾರನ ಮತ್ತು ಆರ್ಥೊಡಾಕ್ಸ್ ಚರ್ಚಿನ ನಿಷ್ಠಾವಂತ ಬೆಂಬಲಿಗನಾಗಿದ್ದ. ಅಂಥವನು ದೇವರನ್ನು ದೂರುವ ಎರಡನೆಯ ಸಹೋದರ ಇವಾನ್‌ನ ಬಾಯಲ್ಲಿ ಎಂಥ ಮಾತನ್ನಿಟ್ಟನೆಂದರೆ, ಅವನ ಆಪ್ತನೂ ಮುಂದೆ ಚರ್ಚಿನ ಆಡಳಿತದ ಮುಖ್ಯಸ್ಥನೂ ಆದ ಪೊಬೆದೊನೋಸ್ತ್ಸೆವ್ ಗಾಬರಿಯಾಗಿ, ಇದಕ್ಕೆ ಉತ್ತರ ಎಲ್ಲಿದೆ ಎಂದು ಕೇಳುವಂತಾಯಿತು.

ನಮ್ಮ ಒಂದೇ ಒಂದು ನಿಯಮ ಹುಟ್ಟಿದ್ದು ಇಲ್ಲಿಂದ. ಯಾರೇ ಆಗಲಿ ತನ್ನ ರಾಜಕೀಯ ಅಭಿಪ್ರಾಯವನ್ನು ಹೇಳುವ ಮೊದಲು ಎದುರಿನವರ ವಾದವನ್ನು ಅವರೇ ಒಪ್ಪುವಷ್ಟು ಚೆನ್ನಾಗಿ ಮಂಡಿಸಬೇಕು. ಅವರು ‘ಹೌದು, ನಾನು ಹೇಳುವುದು ಇದನ್ನೇ’ ಎಂದ ಮೇಲೆ ಮಾತ್ರ ತನ್ನ ಸರದಿ. ಇದು ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ.

ಎರಡನೆಯ ಪುಸ್ತಕದ ಬಾಕಿ

ಮಠದ ಹೊರಗೆ ಹಳ್ಳಿಯ ಹೆಂಗಸರು ಹಿರಿಯ ಸನ್ಯಾಸಿ ಜೋಸಿಮಾನಿಗಾಗಿ ಕಾದಿರುವ ಅಧ್ಯಾಯವನ್ನು ನಾವು ಅವಸರದಲ್ಲಿ ದಾಟಿದ್ದೆವು. ಅತ್ತಿಗೆಯ ಒತ್ತಾಯದಿಂದ ಮತ್ತೊಮ್ಮೆ ಓದಿದೆವು. ಗಾಡಿ ಹೊಡೆಯುವವನ ಹೆಂಡತಿಯೊಬ್ಬಳು ದೂರದಿಂದ ನಡೆದು ಬಂದಿದ್ದಾಳೆ. ಅವಳ ಕೊನೆಯ ಮಗ ಅಲೆಕ್ಸೇಯ್‌ಗೆ ಮೂರು ವರ್ಷ ತುಂಬಲು ಮೂರು ತಿಂಗಳಿತ್ತು. ಅವನ ಪುಟ್ಟ ಪಾದಗಳು ಮನೆಯಲ್ಲಿ ಸದ್ದು ಮಾಡುವುದನ್ನು ಒಂದು ಸಲ ಕೇಳಿದರೆ ಸಾಕು ಎನ್ನುತ್ತಾಳೆ. ಎದೆಯೊಳಗಿಂದ ಮಗುವಿನ ನಡುಪಟ್ಟಿಯನ್ನು ತೆಗೆದು, ನೋಡಿದೊಡನೆ ಬಿಕ್ಕಳಿಸುತ್ತಾಳೆ. ಸತ್ತ ಮಗು ದೇವರ ಬಳಿ ಸಂತೋಷವಾಗಿದೆ ಎಂದು ಜೋಸಿಮಾ ಮೊದಲು ಹೇಳುತ್ತಾನೆ. ಗಂಡನೂ ಇದನ್ನೇ ಹೇಳಿದ್ದ, ಹೇಳುತ್ತಾ ತಾನೂ ಅತ್ತಿದ್ದ ಎಂದು ಅವಳು ತಿಳಿಸಿದಾಗ ಜೋಸಿಮಾ ದಾರಿ ಬದಲಿಸುತ್ತಾನೆ: ಸಮಾಧಾನ ಮಾಡಿಕೊಳ್ಳಬೇಡ, ಅಳು, ತಾಯಂದಿರ ಪಾಲಿಗೆ ಬಂದದ್ದೇ ಇದು ಎನ್ನುತ್ತಾನೆ.

1878ರ ಮೇ ತಿಂಗಳಿನಲ್ಲಿ ದಸ್ತಯೇವ್‌ಸ್ಕಿಯ ಮಗ ಅಲ್ಯೋಷ ಮೂರ್ಛೆರೋಗದಿಂದ ತೀರಿಕೊಂಡ. ಅವನಿಗೂ ಮೂರು ತುಂಬಿರಲಿಲ್ಲ, ಆ ರೋಗ ತಂದೆಯಿಂದಲೇ ಬಂದದ್ದು. ಜೂನ್‌ನಲ್ಲಿ ದಸ್ತಯೇವ್‌ಸ್ಕಿ ಯುವ ತತ್ತ್ವಜ್ಞಾನಿ ವ್ಲದೀಮಿರ್ ಸೊಲೊವ್ಯೋವ್‌ನ ಜೊತೆ ಆಪ್ತಿನಾ ಮಠಕ್ಕೆ ಹೋಗಿ ಹಿರಿಯ ಸನ್ಯಾಸಿ ಅಮ್ವ್ರೋಸಿಯನ್ನು ಕಂಡ. ಜೋಸಿಮಾನ ಈ ಮಾತುಗಳು ಅಮ್ವ್ರೋಸಿ ತನಗೆ ತಲುಪಿಸಲೆಂದು ಹೇಳಿ ಕಳುಹಿಸಿದ್ದವು ಎಂದು ಅವನ ಹೆಂಡತಿ ಆನ್ನಾ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಇದನ್ನು ತಿಳಿಸಿದಾಗ ಅತ್ತಿಗೆ ಹೇಳಿದ್ದು ಇಷ್ಟೇ: “ನಮ್ಮ ವಾರ್ಡಿನಲ್ಲಿ ಎಲ್ಲರೂ ಆ ತಾಯಿಗೆ ಅಳಬೇಡಿ ಅಂತಲೇ ಹೇಳುತ್ತೇವೆ. ಅತ್ತರೆ ಪಕ್ಕದ ಹಾಸಿಗೆಯವರು ಹೆದರುತ್ತಾರೆ ಅನ್ನುವುದು ಅದರ ಕಾರಣ.” ಆ ದಿನ ರಾಜಕೀಯದ ಮಾತು ಬರಲಿಲ್ಲ.

ನಾಲ್ಕನೆಯದು: ತುಳಿದ ನೋಟುಗಳು

ದ್ಮಿತ್ರಿಯು ನಿವೃತ್ತ ಕ್ಯಾಪ್ಟನ್ ಸ್ನೆಗಿರ್ಯೋವ್‌ನ ಗಡ್ಡ ಹಿಡಿದು ಬೀದಿಯಲ್ಲಿ ಎಳೆದಾಡಿದ್ದಾನೆ. ಶಾಲೆಗೆ ಹೋಗುವ ಮಗ ಇಲ್ಯೂಷ ಅದನ್ನು ಕಣ್ಣಾರೆ ಕಂಡಿದ್ದಾನೆ. ಅದರ ಪರಿಹಾರವೆಂಬಂತೆ ದ್ಮಿತ್ರಿಯ ಕಿರಿಯ ತಮ್ಮ ಅಲ್ಯೋಷ ಇನ್ನೂರು ರೂಬಲ್ ತಂದು ಕೊಡುತ್ತಾನೆ. ಕ್ಯಾಪ್ಟನ್‌ಗೆ ಸಂತೋಷ ಉಕ್ಕಿ ಬರುತ್ತದೆ: ಕಾಯಿಲೆಯ ಹೆಂಡತಿಗೆ ಔಷಧಿ, ಮಗಳಿಗೆ ಚಿಕಿತ್ಸೆ, ಬೇರೆ ಊರಿಗೆ ಹೋಗಲು ಗಾಡಿ ಎಂದು ಲೆಕ್ಕ ಹಾಕುತ್ತಾ ಹೋಗುತ್ತಾನೆ. ಥಟ್ಟನೆ ನೋಟುಗಳನ್ನು ಮುದ್ದೆ ಮಾಡಿ ಮರಳಿಗೆಸೆದು ಹಿಮ್ಮಡಿಯಿಂದ ತುಳಿಯುತ್ತಾನೆ. ನಮ್ಮ ಅವಮಾನಕ್ಕೆ ನಿಮ್ಮಿಂದ ಹಣ ಪಡೆದರೆ ಮಗನಿಗೆ ಏನು ಹೇಳಲಿ ಎಂದು ಕೂಗಿ ಓಡುತ್ತಾನೆ. ಆಮೇಲೆ ಅಲ್ಯೋಷ ನೋಟುಗಳನ್ನು ಎತ್ತಿಕೊಂಡು ಸರಿಪಡಿಸಿ, ಹರಿದಿಲ್ಲವೆಂದು ನೋಡಿಕೊಂಡು, ಜೇಬಿಗಿಳಿಸುತ್ತಾನೆ. ನಾಳೆ ಇವನು ತೆಗೆದುಕೊಳ್ಳುತ್ತಾನೆ, ಏಕೆಂದರೆ ಇಂದು ತನ್ನ ಮಾನವನ್ನು ತೋರಿಸಿಯಾಗಿದೆ ಎಂಬ ಅವನ ಲೆಕ್ಕಾಚಾರ ಗೆಳೆಯನಿಗೆ ಬಹಳ ಹಿಡಿಸಿತು. ನ್ಯಾಯಾಲಯದಲ್ಲಿ ರಾಜಿ ಪಂಚಾಯಿತಿ ಮುರಿದುಬೀಳುವುದು ಮೊತ್ತಕ್ಕಾಗಿ ಅಲ್ಲ, ಮೊದಲ ಸಲ ಬೇಡವೆನ್ನಲು ಕಕ್ಷಿದಾರನಿಗೆ ಬಿಡುವು ಕೊಡದಿರುವುದರಿಂದ ಎಂದು ಅವನ ಅನುಭವ.

ಐದನೆಯದು: ಹೋಟೆಲಿನ ಪರದೆಯ ಹಿಂದೆ

ಇದರಲ್ಲಿ ನಾವು ಬಹುಕಾಲ ಉಳಿದೆವು. ಇವಾನ್ ಮತ್ತು ಅಲ್ಯೋಷ ಊರಿನ ಒಂದು ಪಾನಗೃಹದಲ್ಲಿ ಕಿಟಕಿಯ ಪಕ್ಕ ಪರದೆ ಮರೆ ಮಾಡಿದ ಜಾಗದಲ್ಲಿ ಕುಳಿತಿದ್ದಾರೆ. ಆಚೆಯಿಂದ ಬಿಯರ್ ಬಾಟಲಿಗಳ ಮುಚ್ಚಳ ತೆರೆಯುವ ಸದ್ದು, ಬಿಲಿಯರ್ಡ್ಸ್ ಚೆಂಡುಗಳ ಟಕಟಕ, ಆರ್ಗನ್ ವಾದ್ಯದ ಗುಂಯ್‌ಗುಡುವಿಕೆ ಕೇಳಿಸುತ್ತಿದೆ. ಇವಾನ್ ತಮ್ಮನಿಗಾಗಿ ಮೀನಿನ ಸಾರು, ಚಹಾ ಹೇಳಿ, ಚಿಕ್ಕಂದಿನಲ್ಲಿ ನಿನಗೆ ಚೆರ್ರಿ ಜಾಮ್ ಇಷ್ಟವಿತ್ತಲ್ಲ ಎಂದು ಅದನ್ನೂ ತರಿಸುತ್ತಾನೆ. ಜಗತ್ತನ್ನೇ ದೂರುವ ಮಾತು ಶುರುವಾಗುವುದು ಈ ಜಾಮಿನಿಂದ. ರಷ್ಯದ ಹುಡುಗರು ಹೀಗೆ ಒಂದು ಗಳಿಗೆ ಹೋಟೆಲಿನಲ್ಲಿ ಸಿಕ್ಕರೆ ದೇವರಿದ್ದಾನೆಯೇ, ಅಮರತ್ವವಿದೆಯೇ ಎಂದು ಮಾತಾಡುತ್ತಾರೆ. ದೇವರನ್ನು ನಂಬದವರು ಸಮಾಜವಾದ, ಅರಾಜಕತೆ ಎಂದು ಮಾತಾಡುತ್ತಾರೆ. ಎರಡೂ ಒಂದೇ ಪ್ರಶ್ನೆಗಳು, ಹಿಡಿದ ತುದಿ ಮಾತ್ರ ಬೇರೆ ಎಂದು ಇವಾನ್ ಹೇಳುತ್ತಾನೆ. ದೇವರು, ರಾಜಕೀಯ ಎಂಬ ನಮ್ಮ ಯೋಜನೆಯ ಎರಡು ಎಳೆಗಳು ಒಂದೇ ನೂಲೆಂದು ಕಾದಂಬರಿಯೇ ಹೇಳಿದ ಸ್ಥಳವಿದು.

ನಂತರ ಬರುವ ಮಕ್ಕಳ ಸಂಕಟದ ಕತೆಗಳನ್ನು ಗೆಳೆಯ ಗಟ್ಟಿಯಾಗಿ ಓದಿದ. ಹೆತ್ತವರೇ ಐದು ವರ್ಷದ ಹುಡುಗಿಯನ್ನು ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಪಾಯಿಖಾನೆಯಲ್ಲಿ ಕೂಡಿಹಾಕುವುದು, ಆ ಮಗು ಪುಟ್ಟ ಮುಷ್ಟಿಯಿಂದ ಎದೆ ಬಡಿದುಕೊಂಡು ದೇವರನ್ನು ಕರೆಯುವುದು. ಕಲ್ಲೆಸೆದು ಬೇಟೆನಾಯಿಯ ಕಾಲಿಗೆ ಪೆಟ್ಟು ಮಾಡಿದ ಎಂಟು ವರ್ಷದ ಜೀತದ ಹುಡುಗನನ್ನು ಜಮೀನುದಾರ ಜನರಲ್ ಒಬ್ಬ ಬೆತ್ತಲೆ ಮಾಡಿ ಓಡಿಸಿ, ತಾಯಿಯ ಕಣ್ಣೆದುರೇ ನಾಯಿಗಳನ್ನು ಛೂಬಿಡುವುದು. ಮಕ್ಕಳ ಬಗ್ಗೆ ಇವಾನ್ ಹೇಳುವುದೆಲ್ಲ ಪತ್ರಿಕೆಗಳಲ್ಲಿ ಅಚ್ಚಾದದ್ದು, ತಾನು ಕಟ್ಟಿದ್ದಲ್ಲ ಎಂದು ದಸ್ತಯೇವ್‌ಸ್ಕಿ 1879ರ ಮೇ ತಿಂಗಳಿನಲ್ಲಿ ಪತ್ರಿಕೆಯ ಸಂಪಾದಕ ಲ್ಯುಬೀಮೋವ್‌ಗೆ ಬರೆದಿದ್ದ.

ಆ ಜನರಲ್‌ನನ್ನು ಏನು ಮಾಡಬೇಕು ಎಂದು ಇವಾನ್ ಕೇಳುವಲ್ಲಿ ಗೆಳೆಯ ಉಸಿರು ತೆಗೆದುಕೊಳ್ಳಲು ನಿಂತ. “ಗುಂಡಿಕ್ಕಬೇಕು” ಎಂದರು ಅತ್ತಿಗೆ. ಅವರು ಆ ಪುಟವನ್ನು ಮೊದಲು ಓದಿರಲಿಲ್ಲ. ಮುಂದಿನ ಸಾಲಿನಲ್ಲಿ ಮಠದ ಹುಡುಗ, ಸೌಮ್ಯ ಸ್ವಭಾವದ ಅಲ್ಯೋಷ ಹೇಳುವುದೂ ಅದೇ ಮಾತು. ಇವಾನ್ ಭೇಷ್ ಎನ್ನುತ್ತಾನೆ. ಅಲ್ಯೋಷ ಕೂಡಲೇ, ನಾನು ಹೇಳಿದ್ದು ಅಸಂಬದ್ಧ ಎನ್ನುತ್ತಾನೆ. ಅತ್ತಿಗೆ ಮಾತ್ರ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಲ್ಲಿಂದ ಚರ್ಚೆ 2019ರ ಪೋಕ್ಸೋ ತಿದ್ದುಪಡಿಗೆ ಬಂತು; ಮಕ್ಕಳ ಮೇಲಿನ ತೀವ್ರ ಸ್ವರೂಪದ ಲೈಂಗಿಕ ಅಪರಾಧಕ್ಕೆ ಮರಣದಂಡನೆ ವಿಧಿಸಲು ಅವಕಾಶ ಕೊಟ್ಟ ತಿದ್ದುಪಡಿಯದು. ಗೆಳೆಯ ಮರಣದಂಡನೆಯ ಕಡು ವಿರೋಧಿ. ನಿಯಮದ ಪ್ರಕಾರ ಅವನು ಮೊದಲು ಅದರ ಪರವಾಗಿ ಮಾತಾಡಬೇಕಾಯಿತು, ಮಾತಾಡಿದ: ಸತ್ತ ಮಗುವಿನ ಪಕ್ಷದಲ್ಲಿ ನಿಲ್ಲಲು ಪ್ರಭುತ್ವ ಬಿಟ್ಟರೆ ಬೇರೆ ಯಾರೂ ಇಲ್ಲ, ಪ್ರಭುತ್ವವೂ ಅಳುಕಿದರೆ ಆ ಮಗುವಿನ ಜೀವಕ್ಕೆ ಬೆಲೆಯೇ ಇರಲಿಲ್ಲವೆಂದು ಊರಿಗೆಲ್ಲ ಸಾರಿದಂತಾಗುತ್ತದೆ ಎಂದ. ಅತ್ತಿಗೆ ತಲೆಯಾಡಿಸಿದರು. ಅವರ ಸರದಿ ಬಂದಾಗ ಹೇಳಿದ ವಿರುದ್ಧದ ವಾದ ಗೆಳೆಯನದಕ್ಕಿಂತಲೂ ಚುರುಕಾಗಿತ್ತು: ಇಂಥ ಪ್ರಕರಣಗಳಲ್ಲಿ ತಪ್ಪು ಮಾಡಿದವನು ಬಹಳಷ್ಟು ಸಲ ಮಗುವಿನ ಮನೆಯವನೇ, ಗಲ್ಲಿನ ಭಯವಿದ್ದರೆ ಮನೆಯವರು ಆಸ್ಪತ್ರೆಗೇ ಕರೆತರುವುದಿಲ್ಲ, ಬಂದರೂ ಬಾತ್‌ರೂಮಿನಲ್ಲಿ ಬಿದ್ದಳು ಎನ್ನುತ್ತಾರೆ. ಇದನ್ನು ಹೇಳಿಯೂ ಅವರು ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ಬದಲಿಸಬೇಕೆಂದು ಯಾರೂ ಕೇಳಲೂ ಇಲ್ಲ, ಮತ್ತು ಈ ಯೋಜನೆಯಲ್ಲಿ ಇದುವರೆಗಿನ ಅತ್ಯುತ್ತಮ ಸಂಜೆ ಅದೇ ಎಂದು ನನ್ನ ಎಣಿಕೆ.

ನಂಬಿಕೆಯ ಕಡೆಯಿಂದ ಉತ್ತರ ಕೊಡಬೇಕಾದವರು ಮಾವನವರು. ಮುಂದೊಂದು ದಿನ ಎಲ್ಲವೂ ಸಾಮರಸ್ಯದಲ್ಲಿ ಕೊನೆಗೊಂಡರೂ ಆ ಮಗುವಿನ ಕಣ್ಣೀರನ್ನು ಬೆಲೆಯಾಗಿ ತೆತ್ತು ಪಡೆದ ಪ್ರವೇಶ ತನಗೆ ಬೇಡ, ಟಿಕೆಟನ್ನು ವಿನಯದಿಂದ ಹಿಂದಿರುಗಿಸುತ್ತೇನೆ ಎನ್ನುವ ಇವಾನ್‌ಗೆ ಅವರು ಕೊಟ್ಟ ಉತ್ತರ ಪೂರ್ವಜನ್ಮದ ಕರ್ಮ. ಮಕ್ಕಳು ಯಾವ ಪಾಪದ ಹಣ್ಣನ್ನೂ ತಿಂದಿಲ್ಲ ಎಂಬ ಇವಾನ್‌ನ ವಾದ ಕ್ರೈಸ್ತ ಚೌಕಟ್ಟಿಗೆ ಮಾತ್ರ ತಾಗುತ್ತದೆ, ನಮ್ಮಲ್ಲಿ ಲೆಕ್ಕ ಇನ್ನೂ ಹಿಂದಿನಿಂದ ಬರುತ್ತದೆ ಎಂದರು. “ಇದನ್ನು ವಾರ್ಡಿನಲ್ಲಿ ಕೂತಿರುವ ತಾಯಿಗೆ ನೀವು ಹೇಳುತ್ತೀರಾ?” ಎಂದು ಅತ್ತಿಗೆ ಕೇಳಿದರು. ಮಾವನವರು ಆಗ ಉತ್ತರಿಸಲಿಲ್ಲ. ಮುಂದಿನ ಸಲ ಸೇರಿದಾಗ, ಪುಸ್ತಕ ತೆರೆಯುವ ಮೊದಲೇ, “ಹೇಳುವುದಿಲ್ಲಮ್ಮ. ನನಗೆ ಬಂದ ಕಷ್ಟಕ್ಕೆ ನಾನು ಆ ಮಾತು ಹೇಳಿಕೊಳ್ಳಬಹುದು. ಇನ್ನೊಬ್ಬರ ಮಗುವಿಗೆ ಹೇಳುವ ಅಧಿಕಾರ ನನಗಿಲ್ಲ” ಎಂದರು. ಗೆಳೆಯ ಇದನ್ನು ಬರೆದುಕೊಂಡ.

ಇವಾನ್ ತಮ್ಮನಿಗೆ ಹೇಳುವ ಮಹಾ ವಿಚಾರಣಾಧಿಕಾರಿಯ ಕತೆಯ ಅಧ್ಯಾಯಕ್ಕೆ ಬಂದಾಗ ಅನ್ನಭಾಗ್ಯದ ಮಾತು ಏಳುವುದನ್ನು ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಹದಿನಾರನೆಯ ಶತಮಾನದ ಸೆವಿಲ್ಲೆಯಲ್ಲಿ ಮರಳಿ ಬಂದ ಕ್ರಿಸ್ತನನ್ನು ತೊಂಬತ್ತರ ಮುದುಕ ಕಾರ್ಡಿನಲ್ ಸೆರೆಯಲ್ಲಿಟ್ಟು ದೂರುತ್ತಾನೆ: ಕಲ್ಲುಗಳನ್ನು ರೊಟ್ಟಿ ಮಾಡು ಎಂದಾಗ ನೀನು ಒಲ್ಲೆನೆಂದೆ, ಜನಕ್ಕೆ ಸ್ವಾತಂತ್ರ್ಯ ಕೊಟ್ಟೆ, ಅದನ್ನು ಹೊರಲಾರದೆ ಅವರು ನಮ್ಮ ಕಾಲಿಗೆ ಬಿದ್ದು, ನಮ್ಮನ್ನು ದಾಸರನ್ನಾಗಿ ಮಾಡಿಕೊಳ್ಳಿ, ಆದರೆ ಊಟ ಹಾಕಿ ಎನ್ನುತ್ತಾರೆ. 2013ರಲ್ಲಿ ಅನ್ನಭಾಗ್ಯ ಶುರುವಾದಂದಿನಿಂದ ಮಾವನವರು ‘ಬಿಟ್ಟಿ ಭಾಗ್ಯ’ ಎಂದು ಹೇಳುತ್ತಾ ಬಂದಿರುವುದು ಹೆಚ್ಚುಕಡಿಮೆ ಇದೇ ಮಾತನ್ನು. 2023ರ ಗ್ಯಾರಂಟಿಗಳ ನಂತರ ಧ್ವನಿ ಇನ್ನಷ್ಟು ಏರಿದೆ. ನಿಯಮದಂತೆ ಅವರು ಯೋಜನೆಯ ಪರವಾಗಿ ಮಾತಾಡಬೇಕಿತ್ತು. ಒಲ್ಲದ ಮನಸ್ಸಿನಿಂದಲೇ ಶುರುಮಾಡಿದರು. ಅರವತ್ತರ ದಶಕದಲ್ಲಿ ರೇಷನ್ ಕಾರ್ಡ್ ಹಿಡಿದು ಅಮೆರಿಕದ ಗೋಧಿಗಾಗಿ ಸಾಲಿನಲ್ಲಿ ನಿಂತ ಹುಡುಗರಲ್ಲಿ ತಾವೂ ಒಬ್ಬರು ಎಂಬುದನ್ನು ನಮ್ಮ ಮುಂದೆ ಅವರು ಮೊದಲ ಬಾರಿಗೆ ಹೇಳಿದ್ದು ಆಗ. “ಹೊಟ್ಟೆ ತುಂಬಿಸಿದ ಸರ್ಕಾರಕ್ಕೆ ನಾವೇನೂ ಸ್ವಾತಂತ್ರ್ಯ ಮಾರಿಕೊಳ್ಳಲಿಲ್ಲ, ಹತ್ತು ವರ್ಷದಲ್ಲಿ ಅದೇ ಸರ್ಕಾರವನ್ನು ಸೋಲಿಸಿದೆವು” ಎಂದರು. ಗೆಳೆಯ ಚಪ್ಪಾಳೆ ತಟ್ಟಿದ್ದು ಮಾವನವರಿಗೆ ಇಷ್ಟವಾಗಲಿಲ್ಲ.

ಯೋಜನೆಯ ಬೆಂಬಲಿಗರಾದ ಅತ್ತಿಗೆ ವಿರುದ್ಧವಾಗಿ ಮಾತಾಡಲು ಕಾರ್ಡಿನಲ್‌ನ ಬಳಿ ಹೋಗಲಿಲ್ಲ, ಸ್ನೆಗಿರ್ಯೋವ್‌ನ ಬಳಿ ಹೋದರು. ಅಕ್ಕಿ ಕೊಡುವುದು ಸರಿಯೇ, ಆದರೆ ಯಾವ ಪಕ್ಷವೇ ಆಗಲಿ ಚೀಲದ ಮೇಲೆ ನಾಯಕರ ಮುಖ ಅಚ್ಚು ಹಾಕಿ ಕೊಟ್ಟಾಗ, ಕೊಡುವವರಿಗೆ ಬೇಕಾದದ್ದು ಹಸಿವು ನೀಗುವುದಲ್ಲ, ಕೃತಜ್ಞತೆ. ಕ್ಯಾಪ್ಟನ್ ನೋಟು ತುಳಿದದ್ದು ಆ ಕೃತಜ್ಞತೆಯನ್ನು ಎಂದರು. ನನ್ನ ಮಟ್ಟಿಗೆ, ಕಾರ್ಡಿನಲ್‌ನ ಭಾಷಣಕ್ಕೆ ಕಾದಂಬರಿಯೊಳಗೆ ಸಿಗುವ ಉತ್ತರಗಳಲ್ಲಿ ಕೊನೆಯಲ್ಲಿ ಕ್ರಿಸ್ತ ಆ ಮುದುಕನಿಗೆ ಕೊಡುವ ಮೌನ ಚುಂಬನಕ್ಕಿಂತ ಮರಳಿನಲ್ಲಿ ಬಿದ್ದ ಆ ಎರಡು ನೋಟುಗಳೇ ಹೆಚ್ಚು ಗಟ್ಟಿಯಾದದ್ದು.

ಆರರಿಂದ ಎಂಟು

ಆರನೆಯ ಪುಸ್ತಕವೇ ಇವಾನ್‌ಗೆ ಕೊಟ್ಟ ಉತ್ತರವೆಂದು ದಸ್ತಯೇವ್‌ಸ್ಕಿ ಪೊಬೆದೊನೋಸ್ತ್ಸೆವ್‌ಗೆ ಬರೆದಿದ್ದ. ಅದು ಸಾಕಾದೀತೇ ಎಂದು ನಡುಗುತ್ತಿದ್ದೇನೆ ಎಂದೂ ಸೇರಿಸಿದ್ದ. ನಡುಗಿದ್ದಕ್ಕೆ ಕಾರಣವಿದೆ. ಜೋಸಿಮಾನ ಉಪದೇಶಗಳಲ್ಲಿ ನಮ್ಮ ಓದು ಕುಂಟಿತು, ಒಬ್ಬೊಬ್ಬರಾಗಿ ಗಡಿಯಾರ ನೋಡಿದೆವು. ಬೈಬಲ್ಲಿನ ಯೋಬನ ಕತೆಯ ಭಾಗ ಮಾತ್ರ ಬೇರೆ: ಮೊದಲ ಮಕ್ಕಳು ಇಲ್ಲವಾದ ಮೇಲೆ ಹೊಸ ಮಕ್ಕಳನ್ನು ಅವನು ಹೇಗೆ ತಾನೇ ಪ್ರೀತಿಸಿಯಾನು ಎಂಬ ಪ್ರಶ್ನೆಯನ್ನು ಸನ್ಯಾಸಿ ತಾನೇ ಎತ್ತುತ್ತಾನೆ, ಮರೆಮಾಚುವುದಿಲ್ಲ.

ಏಳರಲ್ಲಿ ಜೋಸಿಮಾನ ಶವ ಪವಾಡ ತೋರುವ ಬದಲು ಬಹುಬೇಗ ನಾರತೊಡಗುತ್ತದೆ. ಮಠದವರ ಹಳೆಯ ಹೊಟ್ಟೆಕಿಚ್ಚೆಲ್ಲ ಹೊರಬರುತ್ತದೆ. ಆಪ್ತರೊಬ್ಬರ ಮರಣದ ದಿನವೇ ಟ್ರಸ್ಟಿನ ರಾಜಕೀಯ ಕಂಡಿದ್ದ ಮಾವನವರು ಈ ಅಧ್ಯಾಯದುದ್ದಕ್ಕೂ ನಕ್ಕರು. ಎಂಟನೆಯದನ್ನು ಒಂದೇ ಬೀಸಿನಲ್ಲಿ ಓದಿದೆವು. ಅದು ಪತ್ತೇದಾರಿ ಕಾದಂಬರಿಯ ಓಟ. ಮೊಕ್ರೊಯೆ ಎಂಬ ಹಳ್ಳಿಯಲ್ಲಿ ಇಸ್ಪೀಟಿನಲ್ಲಿ ಮೋಸ ಮಾಡುವ ಪೋಲಿಷ್ ಜೋಡಿಯ ಚಿತ್ರಣ ಅಗ್ಗದ ವ್ಯಂಗ್ಯಚಿತ್ರ. ಎದುರಾಳಿಗೆ ಉತ್ತಮ ಮಾತು ಕೊಡುವ ಲೇಖಕನ ಔದಾರ್ಯ ನಾಸ್ತಿಕನವರೆಗೆ ಹೋಗುತ್ತದೆ, ಪೋಲೆಂಡಿನವನವರೆಗೆ ಹೋಗುವುದಿಲ್ಲ ಎಂದು ಗೆಳೆಯ ಗುರುತಿಸಿದ್ದು ಸರಿಯಾಗಿಯೇ ಇದೆ.

ಒಂಬತ್ತನೆಯದು

ರಾತ್ರಿಯಿಡೀ ತನಿಖೆ ನಡೆದ ಮೇಲೆ ದ್ಮಿತ್ರಿ ದೊಡ್ಡ ಪೆಟ್ಟಿಗೆಯೊಂದರ ಮೇಲೆ ಒರಗಿ ನಿದ್ರಿಸುತ್ತಾನೆ. ಕನಸಿನಲ್ಲಿ ಹಸಿ ಹಿಮ ಬೀಳುವ ಬಯಲು, ಸುಟ್ಟು ಕರಕಲಾದ ಹಳ್ಳಿ, ದಾರಿಯುದ್ದಕ್ಕೂ ಸಾಲಾಗಿ ನಿಂತ ಬಡಕಲು ಹೆಂಗಸರು. ಎಲುಬು ಹಂದರದಂತಹ ಒಬ್ಬಳ ಕೈಯಲ್ಲಿ ಮಗು ಅಳುತ್ತಿದೆ. ಎದೆಯಲ್ಲಿ ಹಾಲು ಬತ್ತಿದೆ. ಮಗು ಏಕೆ ಅಳುತ್ತಿದೆ, ಜನ ಏಕೆ ಬಡವರು, ಬಯಲು ಏಕೆ ಬರಿದು, ಮಗುವಿಗೆ ಏಕೆ ಉಣಿಸುವುದಿಲ್ಲ ಎಂದು ಅವನು ಗಾಡಿಯವನನ್ನು ಹುಚ್ಚನಂತೆ ಕೇಳುತ್ತಲೇ ಇರುತ್ತಾನೆ. ಎಚ್ಚರವಾದಾಗ ತಲೆಯಡಿ ಯಾರೋ ದಿಂಬಿಟ್ಟಿದ್ದಾರೆ, ಯಾರೆಂದು ಗೊತ್ತಾಗುವುದಿಲ್ಲ. ಇವಾನ್‌ನ ಪ್ರಶ್ನೆಯೇ ಇದು, ಆದರೆ ಕೇಳುವವನು ಓದಿದವನಲ್ಲ, ಕುಡುಕ, ಜಗಳಗಂಟ, ಸ್ನೆಗಿರ್ಯೋವ್‌ನ ಗಡ್ಡ ಹಿಡಿದೆಳೆದವನೇ. ಇವಾನ್ ಟಿಕೆಟ್ ಹಿಂದಿರುಗಿಸುತ್ತಾನೆ. ದ್ಮಿತ್ರಿಗೆ ಆ ಮಗು ಅಳದಂತೆ ಈಗಲೇ ಏನಾದರೂ ಮಾಡಬೇಕೆನ್ನಿಸುತ್ತದೆ. ಇವನದು ಆಸ್ತಿಕತೆಯೋ ರಾಜಕೀಯವೋ ಎಂಬುದರ ಮೇಲೆ ಮಾವನವರೂ ಗೆಳೆಯನೂ ಇನ್ನೂ ಕಾದಾಡುತ್ತಿದ್ದಾರೆ. ಇಬ್ಬರಿಗೂ ದ್ಮಿತ್ರಿ ತಮ್ಮವನೇ.

ಮುಂದಿನ ಕೆಲಸ

ಹತ್ತನೆಯದರಲ್ಲಿ ಇಲ್ಯೂಷ ಹಾಸಿಗೆ ಹಿಡಿದಿರುತ್ತಾನೆ. ಅದನ್ನು ಗಟ್ಟಿಯಾಗಿ ಓದುವುದು ಬೇಡ, ಮನೆಯಲ್ಲೇ ಓದಿಕೊಂಡು ಬರುತ್ತೇನೆ ಎಂದು ಅತ್ತಿಗೆ ತಿಳಿಸಿದ್ದಾರೆ. ಹನ್ನೊಂದರಲ್ಲಿ, ಯಹೂದ್ಯರು ಮಕ್ಕಳನ್ನು ಕದ್ದು ಕೊಲ್ಲುವುದು ನಿಜವೇ ಎಂದು ಲೀಸಾ ಎಂಬ ಹುಡುಗಿ ಕೇಳಿದಾಗ ಅಲ್ಯೋಷ ‘ಗೊತ್ತಿಲ್ಲ’ ಎನ್ನುವ ಜಾಗವಿದೆ. ಯುರೋಪಿನಲ್ಲಿ ಎಷ್ಟೋ ಜೀವಗಳನ್ನು ಬಲಿತೆಗೆದುಕೊಂಡ ಸುಳ್ಳನ್ನು ಕಾದಂಬರಿಯ ಅತ್ಯಂತ ಪ್ರಾಮಾಣಿಕ ಪಾತ್ರ ಅಲ್ಲಗಳೆಯದೆ ಬಿಡುತ್ತದೆ. ಇದನ್ನು ಹಾರಿಸಿ ಮುಂದೆ ಹೋಗಬಾರದೆಂದು ನಾಲ್ವರೂ ಒಪ್ಪಿದ್ದೇವೆ. 1877ರ ಮಾರ್ಚ್ ತಿಂಗಳ ‘ಲೇಖಕನ ದಿನಚರಿ’ಯಲ್ಲಿ ಅವನು ಯಹೂದ್ಯರ ಬಗ್ಗೆ ಬರೆದದ್ದನ್ನು ಜೊತೆಗಿಟ್ಟು ಓದಲು ಮಾವನವರು ಪ್ರಿಂಟ್ ತೆಗೆಸಿಟ್ಟುಕೊಂಡಿದ್ದಾರೆ. ಅಂದಿನ ಸಂಜೆ ನಮ್ಮ ನಿಯಮ ಅನ್ವಯಿಸುವುದಿಲ್ಲ. ಆ ಸುಳ್ಳಿನ ಪರವಾಗಿ ಯಾರೂ ವಾದಿಸಬೇಕಾಗಿಲ್ಲ.

ಹನ್ನೆರಡನೆಯದು ನ್ಯಾಯಾಲಯ. 1864ರ ಸುಧಾರಣೆಯಿಂದ ರಷ್ಯಕ್ಕೆ ಬಂದ ಜ್ಯೂರಿ ಪದ್ಧತಿಯನ್ನು ವಿವರಿಸುವ ಹೊಣೆ ಗೆಳೆಯನದು. 1973ರ ದಂಡ ಪ್ರಕ್ರಿಯಾ ಸಂಹಿತೆ ನಮ್ಮಲ್ಲಿ ಜ್ಯೂರಿಗೆ ಜಾಗವನ್ನೇ ಉಳಿಸಲಿಲ್ಲವಾದ್ದರಿಂದ ಅವನೂ ಪುಸ್ತಕ ನೋಡಿಯೇ ಹೇಳಬೇಕು. ವೃತ್ತಿಯಲ್ಲಿ ಆರೋಪಿಗಳ ಪರ ನಿಲ್ಲುವ ಅವನಿಗೆ ಪ್ರಾಸಿಕ್ಯೂಟರ್ ಇಪ್ಪೊಲಿತ್ ಕಿರಿಲೊವಿಚ್‌ನ ಭಾಷಣವನ್ನೂ, ಗುಂಡಿಕ್ಕಬೇಕೆಂದ ಅತ್ತಿಗೆಗೆ ದ್ಮಿತ್ರಿಯ ವಕೀಲ ಫೆತ್ಯುಕೋವಿಚ್‌ನ ಭಾಷಣವನ್ನೂ ಹಂಚಿಕೊಟ್ಟಾಗಿದೆ. ಅತ್ತಿಗೆಯ ಪಾಳಿಯ ಪಟ್ಟಿ ಬಂದೊಡನೆ ದಿನ ಗೊತ್ತುಮಾಡುತ್ತೇವೆ.